ನೌಕರಿ ಅರ್ಜಿಯ ಬಿಕ್ಕಲಂ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ನೌಕರಿ ಕೇಳುವವರು ಒಬ್ಬರು, ಅದಕ್ಕೆ ಬೇಕಾದ ಕಾಗದ ಬರೆಯುವವರು ಇನ್ನೊಬ್ಬರು ಎಂಬುದು ಹಳೆಯ ರೂಢಿ. ಈಗ ಆ ಇನ್ನೊಬ್ಬರ ಜಾಗಕ್ಕೆ ಕೃತಕ ಬುದ್ಧಿಮತ್ತೆ ಬಂದಿದೆ. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ, ಸಾಕ್ಷಿಗಳ ಸಹಿಯ ಆಸುಪಾಸಿನಲ್ಲಿ, ‘ಬಿಕ್ಕಲಂ’ ಎಂಬ ಸಾಲಿರುತ್ತದೆ. ಪತ್ರ ಯಾರ ಕಲಮಿನಿಂದ ಇಳಿಯಿತೆಂದು ಹೇಳುವ ಸಾಲು ಅದು. ಬರೆದವನು ಅಲ್ಲಿ ತನ್ನ ಹೆಸರು ಹಾಕುತ್ತಾನೆ. ನೌಕರಿ ಅರ್ಜಿಯಲ್ಲಿ ಅರ್ಜಿದಾರನ ಸಹಿ ಮಾತ್ರ ಇರುತ್ತದೆ, ಬರೆದ ಕೈ ಕಾಣುವುದಿಲ್ಲ.

ಸುರಪುರದ ನಾಯಕರ ಕಾಲದಲ್ಲಿ ಗೌಡಕಿ, ಕುಲಕರ್ಣಿಕೆ, ತಳವಾರಿಕೆಗಳು ತಂದೆಯಿಂದ ಮಗನಿಗೆ ಇಳಿಯುವ ವತನಗಳಾಗಿದ್ದವು. ಅವಕ್ಕೆ ಅರ್ಜಿ ಬೇಕಿರಲಿಲ್ಲ, ಮನೆತನವೇ ದಾಖಲೆ. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ 1853ರಲ್ಲಿ ಅಲ್ಲಿಂದ ಹೊರಟ. 1858ರ ಬಂಡಾಯದ ನಂತರ ಬ್ರಿಟಿಷರು ಸುರಪುರವನ್ನು ವಶಪಡಿಸಿಕೊಂಡು 1860ರಲ್ಲಿ ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು. 1865ರಲ್ಲಿ ದಿವಾನ ಸಾಲಾರ್ ಜಂಗ್ ‘ಜಿಲ್ಲಾಬಂದಿ’ ತಂದು, ಜಿಲ್ಲೆ ತಾಲೂಕುಗಳಲ್ಲಿ ಸಂಬಳದ ಅಧಿಕಾರಿಗಳನ್ನು ಕೂಡಿಸಿದ. 1871ರಲ್ಲಿ ಮುಂಬೈ–ಮದರಾಸು ರೈಲುದಾರಿ ಯಾದಗಿರಿಯನ್ನು ಹಾದುಹೋಯಿತು. ಕಚೇರಿ, ಠಾಣೆ, ಸ್ಟೇಷನ್ನುಗಳೊಂದಿಗೆ ಕೇಳಿ ಪಡೆಯುವ ನೌಕರಿಗಳೂ ಹುಟ್ಟಿಕೊಂಡವು.

ಕೇಳುವ ಭಾಷೆ ಕನ್ನಡವಾಗಿರಲಿಲ್ಲ. ನಿಜಾಮ ಸರ್ಕಾರದ ದಫ್ತರಗಳಲ್ಲಿ ಮೊದಲು ಪಾರಸಿ ನಡೆಯುತ್ತಿತ್ತು, 1884ರ ಹೊತ್ತಿಗೆ ಉರ್ದು ಅದರ ಜಾಗ ಹಿಡಿಯಿತು. ಮನೆಯಲ್ಲಿ ಕನ್ನಡವಾಡುವ ಹುಡುಗ ಉರ್ದು ಬಲ್ಲವರ ಮುಂದೆ ಕೂತು ತನ್ನ ಸಂಗತಿ ಹೇಳಬೇಕಿತ್ತು. ‘ಜನಾಬ್-ಎ-ಆಲಿ’ ಎಂದು ಶುರುವಾಗುವ ಕಾಗದದಲ್ಲಿ ಬರೆಯುವವನು ಅವನನ್ನು ‘ಫಿದ್ವಿ’, ಅಂದರೆ ಪ್ರಾಣ ಕೊಡುವಷ್ಟು ನಿಷ್ಠ ಸೇವಕ, ಎಂದು ಕರೆಯುತ್ತಿದ್ದ. ಅಂಥ ಮಾತು ಕೇಳುವವನದಲ್ಲ, ನಮೂನೆಯದು. ಅರ್ಜಿ, ದರಖಾಸ್ತು, ಗುಜರಾಯಿಸು, ಗುಮಾಸ್ತ ಮುಂತಾದ ಮಾತುಗಳು ಇಂಥ ಆಡಳಿತದ ದಾರಿಯಲ್ಲೇ ಕನ್ನಡಕ್ಕೆ ಬಂದವು.

ಬರವಣಿಗೆಯ ಜೊತೆಗೆ ಪುರಾವೆಯೂ ಬೇಕಾಯಿತು. 1919ರ ಮುಲ್ಕಿ ನಿಯಮದ ಪ್ರಕಾರ ಸರ್ಕಾರಿ ನೌಕರಿ ಮುಲ್ಕಿಗಳಿಗೆ, ಎಂದರೆ ಸಂಸ್ಥಾನದವರಿಗೆ ಮೀಸಲು. ಹೊರಗಿನಿಂದ ಬಂದವರು 15 ವರ್ಷ ನೆಲೆಸಿದ್ದರೆ ಮುಲ್ಕಿಯಾಗಬಹುದಿತ್ತು. ಎಷ್ಟು ಸೊಗಸಾಗಿ ಬರೆದ ಅರ್ಜಿಯಾದರೂ ಮುಲ್ಕಿ ಸರ್ಟಿಫಿಕೇಟಿಲ್ಲದೆ ಮುಂದೆ ಸಾಗುತ್ತಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಮೂರೂ ತಾಲೂಕುಗಳು ಕಲಬುರಗಿ ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯ ಸೇರಿದವು. ಅರ್ಜಿ ಕನ್ನಡಕ್ಕೆ ತಿರುಗಿತು: ಇವರಿಗೆ, ಇವರಿಂದ, ವಿಷಯ, ಮಾನ್ಯರೇ, ಕೊನೆಗೆ ‘ತಮ್ಮ ವಿಶ್ವಾಸಿ’. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಹಚ್ಚಿಸುವುದು, ಟೈಪಿಂಗ್ ಕಲಿಯುವುದು ಓದು ಮುಗಿಸಿದವರ ಮೊದಲ ಕೆಲಸಗಳಾದವು. ಆಮೇಲೆ ಟೈಪ್‌ರೈಟರ್ ಕೂತಿದ್ದ ಮೇಜಿಗೆ ಕಂಪ್ಯೂಟರ್ ಬಂತು. ಇಂಟರ್ನೆಟ್ ಸೆಂಟರಿನವರ ಬಳಿ ಒಂದು ಸಿದ್ಧ ಬಯೋಡೇಟಾ ಇರುತ್ತದೆ. ಹೆಸರು, ತಂದೆಯ ಹೆಸರು, ಅಂಕಗಳನ್ನು ಬದಲಿಸಿ ಪ್ರಿಂಟ್ ತೆಗೆದರೆ ಮುಗಿಯಿತು. ಅವಸರದಲ್ಲಿ ಹಿಂದಿನ ಗಿರಾಕಿಯ ತಂದೆಯ ಹೆಸರು ಹಾಗೇ ಉಳಿದುಬಿಡುವುದೂ ಉಂಟು.

2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಸಂವಿಧಾನದ 371(ಜೆ) ವಿಧಿಯಡಿ 2013ರಲ್ಲಿ ಹೊರಟ ಆದೇಶ ಈ ಭಾಗದ ಸ್ಥಳೀಯ ವೃಂದಗಳಲ್ಲಿ ಎ ಮತ್ತು ಬಿ ಗುಂಪಿನ ಶೇ. 75, ಸಿ ಗುಂಪಿನ ಶೇ. 80, ಡಿ ಗುಂಪಿನ ಶೇ. 85 ಹುದ್ದೆಗಳನ್ನು ಸ್ಥಳೀಯರಿಗೆ ಕಾಯ್ದಿರಿಸಿತು. ಹುಟ್ಟಿನಿಂದ ಅಥವಾ ವಾಸದಿಂದ ಸ್ಥಳೀಯರೆಂದು ತೋರಿಸಲು ಸಹಾಯಕ ಆಯುಕ್ತರ ಪ್ರಮಾಣಪತ್ರ ಬೇಕು. ಮುಲ್ಕಿ ಸರ್ಟಿಫಿಕೇಟು ಕೇಳುತ್ತಿದ್ದ ಪ್ರಶ್ನೆಯನ್ನೇ ಇದು ಇನ್ನೊಂದು ಕಾನೂನಿನ ಅಡಿಯಲ್ಲಿ ಕೇಳುತ್ತದೆ.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದ ಮೇಲೆ ಬರೆಯುವ ಕೆಲಸ ಮೊಬೈಲಿಗೆ ಇಳಿಯಿತು. ಸರ್ಕಾರಿ ಹುದ್ದೆಗೆ ಇದರ ಉಪಯೋಗ ಕಡಿಮೆ. ಕರ್ನಾಟಕ ಲೋಕಸೇವಾ ಆಯೋಗದ ಅರ್ಜಿ ಆನ್‌ಲೈನ್ ನಮೂನೆಯಲ್ಲಿದ್ದು, ಅಲ್ಲಿ ತುಂಬುವುದು ಅಂಕ, ದಿನಾಂಕ, ಪ್ರಮಾಣಪತ್ರದ ಸಂಖ್ಯೆಗಳನ್ನು. ಆಯ್ಕೆ ನಡೆಯುವುದು ಪರೀಕ್ಷೆಯಿಂದ. ಬೆಂಗಳೂರು, ಹೈದರಾಬಾದಿನ ಕಂಪನಿಗಳಿಗೋ ಯಾದಗಿರಿ ತಾಲೂಕಿನ ಕಡೇಚೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೋ ರೆಸ್ಯೂಮೆ ಕಳಿಸುವವರಿಗೆ ಮಾತ್ರ ಅದು ನಿಜವಾಗಿ ನೆರವಾಗುತ್ತದೆ. ಅನೇಕ ದೊಡ್ಡ ಕಂಪನಿಗಳಲ್ಲಿ ರೆಸ್ಯೂಮೆಯನ್ನು ಮೊದಲು ಜಾಲಿಸುವುದೂ ತಂತ್ರಾಂಶವೇ.

ಶಹಾಪುರದ ಕಡೆಯ ಐಟಿಐ ಹುಡುಗನೊಬ್ಬ ‘ಫಿಟ್ಟರ್ ಪಾಸಾಗೀನಿ, ಆರು ತಿಂಗಳು ಅಪ್ರೆಂಟಿಸ್ ಮಾಡೀನಿ, ರೆಸ್ಯೂಮೆ ಬರೆದುಕೊಡು’ ಎಂದು ಕನ್ನಡದಲ್ಲಿ ಕೇಳಿದನೆಂದು ಇಟ್ಟುಕೊಳ್ಳಿ. ಅರೆಗಳಿಗೆಯಲ್ಲಿ ತಪ್ಪಿಲ್ಲದ ಇಂಗ್ಲಿಷಿನ ಒಂದು ಪುಟ ಬರುತ್ತದೆ. ಅದರಲ್ಲಿ ಅವನು ತಂಡ ಮುನ್ನಡೆಸಿದವನೂ ಉತ್ಪಾದನೆ ಹೆಚ್ಚಿಸಿದವನೂ ಆಗಿರಬಹುದು. ಉರ್ದು ಅರ್ಜಿ ಅವನ ಮುತ್ತಾತನನ್ನು ಇದ್ದುದಕ್ಕಿಂತ ಕಿರಿದು ಮಾಡುತ್ತಿತ್ತು, ಇದು ಮರಿಮಗನನ್ನು ಹಿರಿದು ಮಾಡುತ್ತದೆ. ಎರಡರಲ್ಲೂ ನಮೂನೆಯ ಮಾತೇ ಮುಂದೆ. ಸಂದರ್ಶನದಲ್ಲಿ ಆ ಸಾಲಿನ ಬಗ್ಗೆ ಪ್ರಶ್ನೆ ಬಂದಾಗ ಉತ್ತರಿಸಬೇಕಾದವನು ಸಹಿ ಮಾಡಿದವನು. ಆದ್ದರಿಂದ ಮಾಡದ ಕೆಲಸವನ್ನು ಅಳಿಸಿ, ನಡೆಸಿದ ಯಂತ್ರದ ಹೆಸರು, ಕಲಿತ ತಿಂಗಳುಗಳ ಲೆಕ್ಕ ಸೇರಿಸುವುದು ಅವನ ಪಾಲಿಗೇ ಉಳಿಯುತ್ತದೆ.

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಕಟ್ಟಡ ಕೆಲಸಕ್ಕೆ ಬೆಂಗಳೂರು, ಮುಂಬೈಗೆ ಗುಳೆ ಹೋಗುವವರಿಗೆ ಅರ್ಜಿಯೂ ಇಲ್ಲ, ರೆಸ್ಯೂಮೆಯೂ ಇಲ್ಲ. ಮೇಸ್ತ್ರಿಯ ಒಂದು ಫೋನು, ಕೈಗಿತ್ತ ಮುಂಗಡ ಅವರ ನೇಮಕಾತಿ. ಬರೆದ ಕಾಗದದ ಈ ಚರಿತ್ರೆ ಅವರನ್ನು ಇನ್ನೂ ಮುಟ್ಟಿಲ್ಲ.