ಕರೆಂಟಿಲ್ಲದ ಮನೆ, 18 ಕಾಳು ಬೀಜ



ಹೋದ ತಿಂಗಳು ಟ್ರಾನ್ಸ್‌ಫಾರ್ಮರ್ ಸುಟ್ಟು ಒಂಬತ್ತು ದಿನ ಕತ್ತಲಲ್ಲಿದ್ವಲ್ಲ, ಆಗ ಟೀ ಅಂಗಡಿ ಹತ್ರ ಒಂದು ಮಾತು ಬಂತು. ನಮ್ಮೂರಿನ ಹುಡುಗನೊಬ್ಬ, "ಸಾಕಣ್ಣ ಇವರ ದಾರಿ ಕಾಯೋದು. ನಾಲ್ಕು ಸೋಲಾರ್ ಪ್ಲೇಟ್ ಹಾಕ್ಕೊಂಡು, ತೋಟದಲ್ಲೇ ಮನೆ ಕಟ್ಕೊಂಡು ಯಾರ ಹಂಗೂ ಇಲ್ಲದೆ ಇದ್ಬಿಡಬೇಕು" ಅಂದ. ಅದಕ್ಕೆ ಆಫ್ ಗ್ರಿಡ್ ಅಂತ ಹೆಸರಂತೆ. ಎಲ್ಲರೂ ಹೌದಪ್ಪ ಅಂದ್ರು. ನಾನೂ ಅಂದೆ.

ಮನೆಗೆ ಬಂದು ಮಲಗಿದಾಗ, ಹಿಂದೆ ಓದಿದ್ದ ರಷ್ಯಾದ ಒಂದು ಕುಟುಂಬ ನೆನಪಾಯ್ತು. ಯಾರ ಹಂಗೂ ಇಲ್ಲದೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ ಮನೆ ಅದು. ಕರೆಂಟು ಬಿಡಿ, ಉಪ್ಪೂ ಇರಲಿಲ್ಲ. ಅವರೂ ರೈತರೇ. ಅವರ ಚರಿತ್ರೆ ನಮಗೆ ಬೇಕಾದ್ದು ಅನ್ನಿಸಿ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಆ ಮನೆಯ ಯಜಮಾನನ ಹೆಸರು ಕಾರ್ಪ್ ಲೀಕೋವ್. ಹೆಂಡತಿ ಅಕುಲೀನಾ. ಊರು ಸೈಬೀರಿಯಾದ ದಕ್ಷಿಣಕ್ಕೆ, ಅಬಕಾನ್ ನದಿಯ ಮೇಲ್ಭಾಗದ ಬೆಟ್ಟಗಾಡು. ಇವರು ಹಳೆ ನಂಬಿಕೆಯವರು ಅನ್ನುವ ಕ್ರೈಸ್ತ ಪಂಗಡದವರು. 1650ರ ದಶಕದಲ್ಲಿ ರಷ್ಯಾದ ಧರ್ಮಗುರು ನಿಕೋನ್ ಪೂಜಾಪದ್ಧತಿ ಬದಲಾಯಿಸಿದ. ಶಿಲುಬೆಯ ಗುರುತು ಮಾಡುವಾಗ ಎರಡು ಬೆರಳಲ್ಲ, ಮೂರು ಬೆರಳು ಜೋಡಿಸಬೇಕು ಅನ್ನೋದು ಅದರಲ್ಲಿ ಒಂದು. ಒಪ್ಪದವರಿಗೆ ಬಹಿಷ್ಕಾರ, ಶಿಕ್ಷೆ. ಆಮೇಲೆ ದೊರೆ ಪೀಟರ್ ಗಡ್ಡಕ್ಕೂ ತೆರಿಗೆ ಹಾಕಿದ. ಆಗಿನಿಂದ ಈ ಜನ ಕಾಡಿನ ಕಡೆಗೆ ಸರಿಯುತ್ತಾ ಬಂದರು.

1917ರ ಕ್ರಾಂತಿ ಆದಮೇಲೆ ಸರ್ಕಾರಕ್ಕೆ ಧರ್ಮವೇ ಬೇಡವಾಯ್ತು. 1930ರ ದಶಕದಲ್ಲಿ ಒಂದು ದಿನ ಕಾರ್ಪ್ ಅಣ್ಣತಮ್ಮಂದಿರು ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಗಸ್ತಿನವರು ಬಂದು ಪಕ್ಕದಲ್ಲಿದ್ದ ಸೋದರನನ್ನು ಗುಂಡಿಟ್ಟು ಕೊಂದರು. ಕಾರ್ಪ್ ಹೆಂಡತಿಯನ್ನೂ, ಒಂಬತ್ತು ವರ್ಷದ ಮಗ ಸಾವಿನ್‌ನನ್ನೂ, ಎರಡು ವರ್ಷದ ಮಗಳು ನತಾಲಿಯಾಳನ್ನೂ ಕಟ್ಟಿಕೊಂಡು ಕಾಡು ಸೇರಿದ. ಡಿಮಿಟ್ರಿ, ಅಗಾಫಿಯಾ ಆಮೇಲೆ ಕಾಡಲ್ಲೇ ಹುಟ್ಟಿದವರು. ಜಾಗ ಬದಲಾಯಿಸುತ್ತಾ, ಮೇಲಕ್ಕೆ ಹೋಗುತ್ತಾ, ಕೊನೆಗೆ ನಿಂತ ಜಾಗದಿಂದ ಹತ್ತಿರದ ಊರು ಅಂದರೆ ಸುಮಾರು 250 ಕಿಲೋಮೀಟರ್.

ಅಲ್ಲಿಯ ಚಳಿ ನಮ್ಮ ಮಾಗಿ ಚಳಿ ಥರ ಅಲ್ಲ. ಸೆಪ್ಟೆಂಬರ್‌ಗೆ ಹಿಮ ಶುರು, ಮೇ ತಿಂಗಳಲ್ಲೂ ಇರುತ್ತೆ. ನಡುಚಳಿಗಾಲದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯೋದೂ ಉಂಟು. ಬೆಳೆ ಬೆಳೆಯೋಕೆ ಸಿಗೋದು ಮೂರ್ನಾಲ್ಕು ತಿಂಗಳು, ಅದೂ ನಡುವೆ ಹಿಮ ಬೀಳದಿದ್ದರೆ.

ಅವರು ಹೊತ್ತುಕೊಂಡು ಹೋಗಿದ್ದು ಏನೇನು? ಒಂದೆರಡು ಕಬ್ಬಿಣದ ಪಾತ್ರೆ, ಕೊಡಲಿ ಥರದ ಹತಾರ, ನೂಲುವ ರಾಟೆ, ಮಗ್ಗದ ಬಿಡಿಭಾಗ, ಪ್ರಾರ್ಥನೆ ಪುಸ್ತಕ, ಬೀಜ. ಇಷ್ಟರ ಮೇಲೆ ನಲವತ್ತು ವರ್ಷ. ನನಗೆ ಇದರಲ್ಲಿ ಹಿಡಿಸಿದ್ದು, ಯಾವುದು ಸವೀತು ಯಾವುದು ಉಳೀತು ಅನ್ನೋ ಲೆಕ್ಕ.

ಮೊದಲು ಹೋಗಿದ್ದು ಚಪ್ಪಲಿ, ಬಟ್ಟೆ. ಚಪ್ಪಲಿಗೆ ಬದಲು ಬರ್ಚ್ ಮರದ ತೊಗಟೆ ಹೆಣೆದು ಹಾಕಿಕೊಂಡರು. ನಾವು ಪುರಾಣದಲ್ಲಿ ಕೇಳಿರೋ ಭೂರ್ಜಪತ್ರದ ಮರ ಇದೆಯಲ್ಲ, ಅದೇ ಜಾತಿ. ಬಟ್ಟೆಗೆ ಹೆಂಪ್ ಅನ್ನೋ ನಾರಿನ ಗಿಡ, ಭಂಗಿ ಗಿಡದ ಜಾತಿಯದು, ಬಿತ್ತಿ, ಕೊಯ್ದು, ನಾರು ತೆಗೆದು, ನೂತು, ನೇಯ್ದರು. ಒಂದು ಅಂಗಿ ಬೇಕು ಅಂದ್ರೆ ಬೀಜ ಹಾಕೋದರಿಂದ ಶುರು ಮಾಡಬೇಕು. ಹರಿದ ಮೇಲೆ ತೇಪೆ, ಅದರ ಮೇಲೆ ಇನ್ನೊಂದು ತೇಪೆ.

ಆಮೇಲೆ ಹೋಗಿದ್ದು ಕಬ್ಬಿಣ. ಪಾತ್ರೆ ತುಕ್ಕು ಹಿಡಿದು ತೂತಾಯ್ತು. ತೊಗಟೆಯಲ್ಲೂ ಪಾತ್ರೆ ಮಾಡಿಕೊಂಡರು, ಆದರೆ ಅದನ್ನ ಒಲೆ ಮೇಲೆ ಇಡೋಕಾಗಲ್ಲ. ಅಡುಗೆಯೇ ಕಷ್ಟ ಆಯ್ತು. ಬೆಂಕಿಗೆ ಕಲ್ಲು ಕುಟ್ಟಿ ಕಿಡಿ. ಬೆಳಕಿಗೆ ಮರದ ಸೀಳು ಉರಿಸೋದು. ಆಲೂಗಡ್ಡೆ ಒಣಗಿಸಿ ಕುಟ್ಟಿ, ಎರಡು ಮೂರು ಹಿಡಿ ರೈ ಹಿಟ್ಟು, ಜಜ್ಜಿದ ಹೆಂಪ್ ಬೀಜ ಸೇರಿಸಿ ಸುಟ್ಟ ಕಪ್ಪನೆ ರೊಟ್ಟಿ ಅವರ ಊಟ. ರೈ ಅನ್ನೋದು ಗೋಧಿಯ ನೆಂಟ, ಚಳಿ ತಡೆಯುವ ಧಾನ್ಯ. ಕಾಡಿನಲ್ಲಿ ಪೈನ್ ಕಾಯಿಯ ಬೀಜ, ಹಣ್ಣು, ಅಣಬೆ ಸಿಗುತ್ತಿತ್ತು. ಕೋವಿ ಇಲ್ಲ, ಬಿಲ್ಲೂ ಇಲ್ಲ. ಡಿಮಿಟ್ರಿ ದೊಡ್ಡವನಾದ ಮೇಲೆ, ಗುಂಡಿ ತೋಡಿ ಕೆಡವಿಯೋ, ಪ್ರಾಣಿ ಸುಸ್ತಾಗಿ ಬೀಳೋವರೆಗೂ ಓಡಿಸಿಯೋ ಬೇಟೆ ತರುತ್ತಿದ್ದ. ಅಲ್ಲಿಯವರೆಗೆ ಮಾಂಸವೂ ಅಪರೂಪ.

ನೋಡಿ, ತಂದಿದ್ದೆಲ್ಲ ಒಂದೊಂದಾಗಿ ಸವೀತಾ ಹೋಯ್ತು. ವರ್ಷ ವರ್ಷ ಹೊಸದಾಗುತ್ತಿದ್ದುದು ಬೀಜ ಒಂದೇ. ಆಲೂಗಡ್ಡೆ, ರೈ, ಬಟಾಣಿ, ಹೆಂಪ್. ಅವರ ನಿಜವಾದ ಆಸ್ತಿ ಅದು. ಆದರೆ ಅದೂ ಒಂದೇ ಇಳಿಜಾರಿನ ಹೊಲದಲ್ಲಿ, ಒಂದೇ ಮನೆಯಲ್ಲಿ ಇತ್ತು.

1950ರ ದಶಕದ ಕೊನೆಗೆ ಹಸಿವಿನ ವರ್ಷಗಳು ಬಂದವು. ಪ್ರತಿ ಚಳಿಗಾಲಕ್ಕೆ ಮುಂಚೆ ಮನೆಮಂದಿ ಎಲ್ಲ ಕೂತು ಮಾತಾಡುತ್ತಿದ್ದರಂತೆ, ಇದ್ದದ್ದೆಲ್ಲ ತಿನ್ನೋದಾ, ಬೀಜಕ್ಕೆ ಉಳಿಸೋದಾ ಅಂತ. ಆಮೇಲೆ ಒಂದು ವರ್ಷ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಹೊಲದಲ್ಲಿ ಇದ್ದದ್ದೆಲ್ಲ ಸುಟ್ಟ ಹಾಗೆ ಕರಕಲಾಯ್ತು. ರೈ ಪೂರ್ತಿ ಹೋಯ್ತು. ಹಳೆ ದಾಸ್ತಾನು ಚಳಿಗಾಲಕ್ಕೇ ಮುಗೀತು. ಹುಲ್ಲು, ಮರದ ತೊಗಟೆ, ಕೊನೆಗೆ ಚರ್ಮದ ಪಾದರಕ್ಷೆ ಕೂಡ ತಿಂದರು.

ಆದರೆ ಮನೆಯಲ್ಲಿ ಒಂದು ಸಣ್ಣ ತೊಗಟೆ ಡಬ್ಬಿಯಲ್ಲಿ ಬಟಾಣಿ ಇತ್ತು. ಬಿತ್ತನೆಗೆ ಅಂತ ತೆಗೆದಿಟ್ಟಿದ್ದು. ಅದನ್ನ ಮುಟ್ಟಲಿಲ್ಲ.

1961ರಲ್ಲಿ ಅಕುಲೀನಾ ಹಸಿವಿನಿಂದ ತೀರಿಕೊಂಡಳು. ಇದ್ದ ಚೂರುಪಾರನ್ನ ಮಕ್ಕಳಿಗೆ ಬಿಟ್ಟುಕೊಟ್ಟು ತಾನು ಹೋದಳು. ಆ ಡಬ್ಬಿ ಬಟಾಣಿ ಬೇಯಿಸಿದ್ದರೆ ಆ ತಾಯಿ ಇನ್ನೊಂದು ವಾರ ಇರುತ್ತಿದ್ದಳೋ ಏನೋ. ಆದರೆ ಮುಂದಿನ ವರ್ಷ ಮನೆಯೇ ಇರುತ್ತಿರಲಿಲ್ಲ. ಬಿತ್ತೋ ಬೀಜ ತಿನ್ನಬಾರದು ಅಂತ ನಮ್ಮ ಹಿರೇರು ಸುಮ್ಮನೆ ಬಾಯಿಮಾತಿಗೆ ಹೇಳ್ತಾರೆ ಅಂದ್ಕೊಂಡಿದ್ದೆ. ಇದನ್ನ ಓದಿದ ದಿನ ಊಟ ಸೇರಲಿಲ್ಲ.

ಆ ಬಟಾಣಿ ಬಿತ್ತಿದರು. ಬಟಾಣಿ ಸಾಲಿನ ಮಧ್ಯೆ ಒಂದೇ ಒಂದು ರೈ ಗಿಡ ಹುಟ್ಟಿತ್ತು. ಎಲ್ಲಿಂದಲೋ ಬೆರೆತು ಬಂದ ಒಂದು ಕಾಳು. ಅದರ ಸುತ್ತ ಬೇಲಿ ಕಟ್ಟಿದರು. ಇಲಿ, ಅಳಿಲು ಮುಟ್ಟದ ಹಾಗೆ ಹಗಲು ರಾತ್ರಿ ಸರದಿ ಮೇಲೆ ಕಾವಲು ಕೂತರು. ತೆನೆ ಬಲೀತು. ಬಿಡಿಸಿ ಎಣಿಸಿದರೆ 18 ಕಾಳು.

ಆ 18 ಕಾಳನ್ನ ಒಣ ಬಟ್ಟೆಯಲ್ಲಿ ಸುತ್ತಿ, ಲೋಟಕ್ಕಿಂತ ಚಿಕ್ಕದೊಂದು ತೊಗಟೆ ಡಬ್ಬಿ ಅದಕ್ಕೇ ಅಂತ ಮಾಡಿ, ಅದರಲ್ಲಿ ಹಾಕಿ ಸೂರಿಗೆ ನೇತುಹಾಕಿದರು. ನಮ್ಮಜ್ಜಿ ಸೋರೆ ಬುರುಡೆಯಲ್ಲಿ ಬೀಜ ತುಂಬಿ ಒಲೆ ಮೇಲಿನ ತೊಲೆಗೆ ಕಟ್ಟುತ್ತಿದ್ದಳಲ್ಲ, ಹಂಗೇ. ಮುಂದಿನ ಬೆಳೆಗೆ ಹೆಚ್ಚುಕಮ್ಮಿ ಒಂದು ತಟ್ಟೆಯಷ್ಟು ರೈ ಆಯ್ತು. ಅದನ್ನೂ ತಿನ್ನಲಿಲ್ಲ. ನಾಲ್ಕನೇ ವರ್ಷ ಮೊದಲ ಸಲ ರೈ ಗಂಜಿ ಕಾಯಿಸಿ ಕುಡಿದರು. ಒಂದು ಕಾಳಿನಿಂದ ಒಂದು ಗಡಿಗೆ ಗಂಜಿಗೆ ನಾಲ್ಕು ವರ್ಷ!

1978ರಲ್ಲಿ ಭೂಗರ್ಭ ಶೋಧನೆಯವರ ಹೆಲಿಕಾಪ್ಟರ್ ಇಳಿಯೋಕೆ ಜಾಗ ಹುಡುಕುತ್ತಿತ್ತು. ಜನವಸತಿಯೇ ಇಲ್ಲ ಅಂದುಕೊಂಡಿದ್ದ ಬೆಟ್ಟದ ಇಳಿಜಾರಲ್ಲಿ ಪೈಲಟ್‌ಗೆ ಸಾಲು ಕಂಡಿತು, ಉಳುಮೆ ಮಾಡಿದ ಸಾಲು. ಮನುಷ್ಯ ಇದ್ದಾನೆ ಅಂತ ಗೊತ್ತಾಗಿದ್ದೇ ಹೊಲದಿಂದ. ಗಲೀನಾ ಪಿಸ್ಮೆನ್ಸ್ಕಾಯಾ ಎಂಬಾಕೆಯ ತಂಡ ಉಡುಗೊರೆ ಹಿಡಿದು ಹತ್ತಿ ಹೋಯ್ತು. ಮಸಿ ಹಿಡಿದ ಮರದ ಗುಡಿಸಲು, ಒಂದೇ ಸಣ್ಣ ಕಿಂಡಿ, ನೆಲದ ಮೇಲೆಲ್ಲ ಆಲೂಗಡ್ಡೆ ಸಿಪ್ಪೆ, ಪೈನ್ ಬೀಜದ ಸಿಪ್ಪೆ. ಅದರೊಳಗೆ ಐದು ಜನ.

1982ರಲ್ಲಿ ವಸಿಲಿ ಪೆಸ್ಕೋವ್ ಅನ್ನುವ ಪತ್ರಕರ್ತ ಇವರ ಬಗ್ಗೆ ಕೊಮ್ಸೊಮೋಲ್ಸ್ಕಾಯಾ ಪ್ರಾವ್ದಾ ಪತ್ರಿಕೆಯಲ್ಲಿ ಬರೆದ ಮೇಲೆ ದೇಶಕ್ಕೆಲ್ಲ ಗೊತ್ತಾಯ್ತು. ಅವರು ದಿನದ ಲೆಕ್ಕ ತಪ್ಪಿರಲಿಲ್ಲ. ಸೃಷ್ಟಿಯಿಂದ ಎಣಿಸುವ ಅವರ ಹಳೆ ಪಂಚಾಂಗದಲ್ಲಿ ಆಗ 7490ನೇ ವರ್ಷ. ರಾತ್ರಿ ಆಕಾಶದಲ್ಲಿ ಕೆಲವು ನಕ್ಷತ್ರ ಬೇಗ ಬೇಗ ಓಡುತ್ತಿರೋದನ್ನ ಕಾರ್ಪ್ ಅಜ್ಜ ಗಮನಿಸಿದ್ದ. ಮನುಷ್ಯರೇ ಏನೋ ಹಾರಿಸಿದ್ದಾರೆ ಅಂತ ತಾನೇ ಊಹಿಸಿದ್ದ. ದಡ್ಡರಲ್ಲ ಅವರು.

ಬಂದವರು ಕೊಟ್ಟ ಸಾಮಾನಿನಲ್ಲಿ ಮೊದಲು ಅವರು ತಗೊಂಡಿದ್ದು ಉಪ್ಪು ಮಾತ್ರ. ನಲವತ್ತು ವರ್ಷ ಉಪ್ಪಿಲ್ಲದೆ ತಿಂದಿದ್ದು ನರಕಯಾತನೆ ಆಗಿತ್ತು ಅಂತ ಅಜ್ಜ ಹೇಳಿಕೊಂಡ. ಆಮೇಲೆ ಚಾಕು, ಧಾನ್ಯ, ಟಾರ್ಚ್ ಕೂಡ ತಗೊಂಡರು.

ಆದರೆ ಹೊತ್ತು ಮೀರಿತ್ತು. 1981ರ ಕೊನೆಯ ಮೂರು ತಿಂಗಳಲ್ಲಿ ಡಿಮಿಟ್ರಿ, ಸಾವಿನ್, ನತಾಲಿಯಾ ಮೂವರೂ ಹೋದರು. ಡಿಮಿಟ್ರಿಗೆ ನ್ಯುಮೋನಿಯಾ. ಹೆಲಿಕಾಪ್ಟರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ ಅಂದರೂ ಅವನು ಒಪ್ಪಲಿಲ್ಲ, ಅವರ ಧರ್ಮಕ್ಕೆ ಸಲ್ಲದು. ನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಮದುವೆ ಆಗಿರಲಿಲ್ಲ, ಯಾರನ್ನ ಆಗೋದು? 1988ರ ಫೆಬ್ರವರಿಯಲ್ಲಿ ಕಾರ್ಪ್ ತೀರಿಕೊಂಡ. ಅಗಾಫಿಯಾ ಅಪ್ಪನನ್ನು ಮಣ್ಣು ಮಾಡಿ ಅದೇ ಬೆಟ್ಟಕ್ಕೆ ವಾಪಸ್ ಹೋದಳು. ಹೊರಗಿನವರು ತಂದುಕೊಟ್ಟ ಆಡು, ಕೋಳಿ ಸಾಕಿಕೊಂಡು, ಆಲೂಗಡ್ಡೆ ನೆಟ್ಟುಕೊಂಡು ಅಲ್ಲೇ ಬದುಕಿದಳು.

ಈಗ ನಮ್ಮ ಹುಡುಗನ ಮಾತಿಗೆ ಬರ್ತೀನಿ. ಲೀಕೋವ್ ಮನೆಯವರಷ್ಟು ಗಟ್ಟಿ ಜನ ನಮ್ಮ ಹೋಬಳಿಯಲ್ಲಿ ಹುಡುಕಿದರೂ ಸಿಗಲ್ಲ. ಅವರಿಗೆ ಕಡಿಮೆ ಬಿದ್ದಿದ್ದು ಕರೆಂಟಲ್ಲ, ಶ್ರಮವೂ ಅಲ್ಲ. ನೆರೆಮನೆ. ಹಿಮ ಬಿದ್ದ ವರ್ಷ ಬೆಟ್ಟದ ಆಚೆ ಇನ್ನೊಂದು ಮನೆ ಇದ್ದು, ಅಲ್ಲಿ ಒಂದು ಸೇರು ರೈ ಇದ್ದಿದ್ದರೆ, ಆ 18 ಕಾಳಿಗೆ ಅಷ್ಟು ಜನ ಕಾವಲು ಕೂರಬೇಕಿರಲಿಲ್ಲ. ಅಕುಲೀನಾಳೂ ಬಹುಶಃ ಉಳೀತಿದ್ದಳು.

ಇದು ನನ್ನ ಅನುಭವವೂ ಹೌದು. ಮೂರು ವರ್ಷದ ಹಿಂದೆ ನಮ್ಮ ಮನೆಯ ಹಳೆ ಅವರೆ ಬೀಜ ಹುಳ ಬಿದ್ದು ತೂತಾಗಿ ಪೂರ್ತಿ ಹಾಳಾಯ್ತು. ನಮ್ಮಮ್ಮ ಮದುವೆಯಾಗಿ ಬಂದಾಗ ತವರಿನಿಂದ ಸೆರಗಲ್ಲಿ ಕಟ್ಟಿಕೊಂಡು ಬಂದಿದ್ದ ತಳಿ ಅದು. ಬೂದಿ ಕಲಸೋಕೆ ಸೋಮಾರಿತನ ಮಾಡಿದ್ದು ನಾನೇ. ಮುಗೀತು ಅಂದ್ಕೊಂಡಿದ್ದೆ. ಮೇಗಲಹಟ್ಟಿಯ ಅಜ್ಜಿಯೊಬ್ಬರು ವಿಷಯ ಕೇಳಿ ಒಂದು ಪಾವು ತಂದುಕೊಟ್ಟರು. "ನಿಮ್ಮವ್ವನೇ ಕೊಟ್ಟಿದ್ದು ಕಣಪ್ಪ, ಆಗ ನನ್ನ ಮಗ ಇನ್ನೂ ಮೊಲೆ ಕುಡೀತಿದ್ದ" ಅಂದರು. ನಮ್ಮಮ್ಮ ಬೀಜ ದಾನ ಮಾಡಿದಳು ಅಂದ್ಕೊಂಡಿದ್ದೆ. ಅವಳು ಮಾಡಿದ್ದು ಠೇವಣಿ.

ಹಿಂದೆ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅವರೆ, ಜೋಳ, ಹುಚ್ಚೆಳ್ಳು ಎಲ್ಲ ಇರ್ತಿತ್ತು. ಒಬ್ಬರ ಮನೇಲಿ ಬೀಜ ತಪ್ಪಿದರೆ ಇನ್ನೊಬ್ಬರ ಮನೇಲಿ ಸಿಗ್ತಿತ್ತು. ಈಗ ಮುಂಗಾರು ಶುರುವಾದ್ರೆ ಎಲ್ಲರೂ ಒಂದೇ ಅಂಗಡಿ ಮುಂದೆ ಕ್ಯೂ ನಿಲ್ತೀವಿ, ನಾನೂ ನಿಲ್ತೀನಿ. ಊರಿನ ಮನೆ ನೂರಿದ್ದರೂ ಬೀಜದ ವಿಷಯಕ್ಕೆ ಬಂದರೆ ನಾವೂ ಬೆಟ್ಟದ ಮೇಲಿನ ಒಂಟಿ ಮನೆಯವರೇ ಆಗ್ತಿದೀವಿ.

ಸೋಲಾರ್ ಹಾಕೋನಿಗೆ ಬೇಡ ಅನ್ನಲ್ಲ, ಹಾಕು ತಮ್ಮ. ಆದರೆ ಯಾರ ಹಂಗೂ ಬೇಡ ಅನ್ನಬೇಡ. ಹಂಗು ಇರಲಿ, ಅದು ಪಕ್ಕದ ಮನೆಯವರದ್ದಾಗಿರಲಿ.

ಈ ಸಲ ನಮ್ಮಲ್ಲಿ ಆ ಅವರೆ ಚೆನ್ನಾಗಿ ಬಂದಿದೆ. ಎಂಟು ಸೇರು ಬೀಜಕ್ಕೆ ಅಂತ ಬೂದಿ ಕಲಸಿ ಇಟ್ಟಿದೀನಿ. ಬೇಕಾದವರು ಸಂಜೆ ಹೊತ್ತು ಮನೆ ಕಡೆ ಬನ್ನಿ, ಆಳಿಗೊಂದು ಪಾವು ಕೊಡ್ತೀನಿ. ದುಡ್ಡು ಬೇಡ. ನನ್ನದು ಮತ್ತೆ ಹಾಳಾದ ವರ್ಷ ಒಂದು ಪಾವು ವಾಪಸ್ ಕೊಟ್ಟರೆ ಸಾಕು.