ಓಟಗಾರನ ಗ್ರಂಥಭಂಡಾರ

ಕಾಲಿದ್ದವನು ಓಡುತ್ತಾನೆ, ಅದಕ್ಕೊಂದು ಗ್ರಂಥವೇಕೆ ಎಂದು ಶ್ರೋತೃಗಳಲ್ಲಿ ಯಾರಾದರೂ ಕೇಳಬಹುದು. ಮಗುವಿಗೆ ಓಡುವುದನ್ನು ಕಲಿಸಿದವರು ಯಾರೂ ಇಲ್ಲ. ಓಡಬೇಡವೆಂದು ಗದರಿಸಿದವರೇ ಹೆಚ್ಚು. ಆದರೂ ಓಟ, ಜಿಗಿತ, ಎಸೆತ, ಮಲ್ಲಯುದ್ಧ ಮೊದಲಾದವುಗಳ ಅಭ್ಯಾಸಕ್ರಮವನ್ನು ಬರೆದಿಡಬೇಕೆಂಬ ಪ್ರಯತ್ನಕ್ಕೆ ಸುಮಾರು ಹದಿನೆಂಟು ನೂರು ವರ್ಷಗಳ ಚರಿತ್ರೆಯುಂಟು. ಈ ಜಾತಿಯ ಗ್ರಂಥಗಳಿಗೆ ಒಂದು ವಿಶೇಷವಾದ ಹೊಣೆಯೂ ಉಂಟು. ವ್ಯಾಕರಣದ ಪುಸ್ತಕದಲ್ಲಿ ತಪ್ಪಿದ್ದರೆ ಓದಿದವನ ವಾಕ್ಯ ಕೆಟ್ಟೀತು. ಇಲ್ಲಿ ತಪ್ಪಿದ್ದರೆ ಓದಿದವನ ಮೈ ಕೆಡುತ್ತದೆ. ಗ್ರಂಥಕರ್ತನ ತಪ್ಪಿಗೆ ದಂಡ ತೆರುವವನು ಓಟಗಾರ.

ಈ ಮಾತನ್ನು ನಾನು ಹೊಸದಾಗಿ ಹೇಳುತ್ತಿಲ್ಲ. ಕ್ರಿ. ಶ. ಮೂರನೆಯ ಶತಮಾನದ ಆದಿಭಾಗದಲ್ಲಿ ಫಿಲಾಸ್ಟ್ರೇಟಸ್ ಎಂಬ ಗ್ರೀಕ್ ಪಂಡಿತನು ‘ಜಿಮ್ನಾಸ್ಟಿಕಸ್’ ಎಂಬ ಸಣ್ಣ ಗ್ರಂಥವೊಂದನ್ನು ಬರೆದನು. ಅಂಗಸಾಧನೆಯನ್ನೇ ಪ್ರಧಾನ ವಿಷಯವಾಗಿಟ್ಟುಕೊಂಡ ಗ್ರೀಕ್ ಗ್ರಂಥಗಳಲ್ಲಿ ನಮಗೆ ಸಮಗ್ರವಾಗಿ ದೊರೆತಿರುವುದು ಬಹುಶಃ ಇದೊಂದೇ. ಇದರ ಹಸ್ತಪ್ರತಿ ವಿದ್ವಾಂಸರ ಕೈ ಸೇರಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಫಿಲಾಸ್ಟ್ರೇಟಸನು ತಾನು ಓಡಿದವನಲ್ಲ, ಸಾಹಿತಿ. ಆದರೆ ನೋಡುವ ಕಣ್ಣಿದ್ದವನು. ಸಮೀಪದ ಓಟದವರು ಕೈಗಳನ್ನು ರೆಕ್ಕೆಗಳಂತೆ ಬೀಸುತ್ತ ಆ ಬಲದಿಂದಲೇ ಕಾಲನ್ನು ಮುಂದೊಯ್ಯುತ್ತಾರೆಂದೂ, ದೂರದ ಓಟದವರು ಕೈಗಳನ್ನು ಮುಂದಕ್ಕೆ ಹಿಡಿದು ಹೆಚ್ಚುಕಡಿಮೆ ನಡೆಯುವವರಂತೆ ಸಾಗಿ, ಗುರಿ ಸಮೀಪಿಸಿದಾಗ ಮಾತ್ರ ಬೀಸಲು ತೊಡಗುತ್ತಾರೆಂದೂ ಅವನು ಬರೆದಿರುವನು. ಇಂದು ಯಾವ ಮೈದಾನದಲ್ಲಿ ನಿಂತು ನೋಡಿದರೂ ಈ ವರ್ಣನೆ ಬಹುಮಟ್ಟಿಗೆ ಸರಿಯೆಂದೇ ತೋರುವುದು.

ಆದರೆ ಆ ಗ್ರಂಥದಲ್ಲಿ ಮರೆಯಲಾಗದ ಭಾಗವೆಂದರೆ ಜೆರೀನಸನ ಕಥೆ. ಅಂದಿನ ಗರಡಿಗಳಲ್ಲಿ ‘ಚತುರ್ದಿನ’ವೆನ್ನಬಹುದಾದ ಒಂದು ಕ್ರಮ ರೂಢಿಯಾಗಿತ್ತು. ಮೊದಲನೆಯ ದಿನ ಮೈಯನ್ನು ಚುರುಕುಗೊಳಿಸುವ ಲಘುವಾದ ಚಲನೆಗಳು. ಎರಡನೆಯ ದಿನ ಶಕ್ತಿಯೆಲ್ಲವನ್ನೂ ವೆಚ್ಚಮಾಡುವ ಕಠಿಣ ಸಾಧನೆ. ಮೂರನೆಯ ದಿನ ವಿಶ್ರಾಂತಿ. ನಾಲ್ಕನೆಯ ದಿನ ಮಧ್ಯಮ ಶ್ರಮ. ಮತ್ತೆ ಮೊದಲಿನಿಂದ. ಒಲಿಂಪಿಯದಲ್ಲಿ ಗೆದ್ದು ಬಂದ ಜೆರೀನಸನೆಂಬ ಮಲ್ಲನು ಸ್ನೇಹಿತರೊಡನೆ ಉಂಡು ಕುಡಿದು ಸಂಭ್ರಮಿಸಿ, ಅಜೀರ್ಣದಿಂದ ಬಳಲುತ್ತ ಗರಡಿಗೆ ಬಂದು, ತನ್ನ ಮೈ ಸರಿಯಿಲ್ಲವೆಂದು ಗುರುವಿಗೆ ಅರಿಕೆ ಮಾಡಿಕೊಂಡನು. ಚತುರ್ದಿನದ ಕ್ರಮ ಕೆಟ್ಟಿತಲ್ಲಾ ಎಂದು ಗುರುವಿಗೆ ಕೋಪ. ಆ ದಿನದ ಪಾಠವನ್ನು ಬಿಡದೆ ಮಾಡಿಸಿದನು. ಶಿಷ್ಯನು ಅಲ್ಲಿಯೇ ಸತ್ತನು. ಫಿಲಾಸ್ಟ್ರೇಟಸನು ಈ ಸಾವನ್ನು ಗುರುವಿನ ಅಜ್ಞಾನಕ್ಕೆ ಕಟ್ಟಿ, ಚತುರ್ದಿನದ ಪದ್ಧತಿಯನ್ನೇ ಖಂಡಿಸುತ್ತಾನೆ. ಎದುರಿಗೆ ನಿಂತಿರುವ ದೇಹವನ್ನು ನೋಡದೆ ದಿನದ ಲೆಕ್ಕವನ್ನು ನೋಡಿದುದೇ ಅವನ ದೃಷ್ಟಿಯಲ್ಲಿ ಅಪರಾಧ. ಈ ಶಾಸ್ತ್ರದ ಗ್ರಂಥಗಳಲ್ಲಿ ಇಷ್ಟು ಹಿಂದೆಯೇ ಒಬ್ಬನು ಎಚ್ಚರಿಕೆ ನುಡಿದದ್ದು ಮೆಚ್ಚತಕ್ಕ ವಿಷಯ. ಅದನ್ನು ಮುಂದಿನವರು ಎಷ್ಟರಮಟ್ಟಿಗೆ ಕೇಳಿದರೆಂಬುದು ಬೇರೆಯ ಮಾತು.

ವೈದ್ಯರಿಗಂತೂ ಈ ಗುರುಗಳ ಮೇಲೆ ಮೊದಲಿನಿಂದಲೂ ಅಸಮಾಧಾನ. ಫಿಲಾಸ್ಟ್ರೇಟಸನಿಗಿಂತ ಹಿಂದಿನವನಾದ ಗೇಲನ್, ಯೌವನದಲ್ಲಿ ಪರ್ಗಮಮ್ ನಗರದ ಖಡ್ಗಮಲ್ಲರಿಗೆ ಚಿಕಿತ್ಸೆ ಮಾಡಿದವನು, ಜಟ್ಟಿಗಳ ಅತಿಭೋಜನವನ್ನೂ ಅತಿಶ್ರಮವನ್ನೂ ಕಟುವಾಗಿ ಹೀಯಾಳಿಸಿದ್ದಾನೆ. ಅವನ ಅಭಿಪ್ರಾಯವನ್ನೇ 1569ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಮರ್ಕುರಿಯಾಲೆಯ ‘ದೇ ಆರ್ತೆ ಜಿಮ್ನಾಸ್ಟಿಕ’ ಎಂಬ ಲ್ಯಾಟಿನ್ ಗ್ರಂಥವೂ ಹಿಡಿಯಿತು: ಆರೋಗ್ಯಕ್ಕಾಗಿ ಮಾಡುವ ವ್ಯಾಯಾಮ ಒಳ್ಳೆಯದು, ಯುದ್ಧಕ್ಕಾಗಿ ಮಾಡುವುದೂ ಸರಿ, ಬರಿಯ ಪಂದ್ಯಕ್ಕಾಗಿ ಮಾಡುವುದು ಹೇಯ. ಪುಸ್ತಕಭಂಡಾರದಲ್ಲಿ ಕುಳಿತು ಬರೆದ ಪಾಂಡಿತ್ಯದ ಕೃತಿ ಇದು. ಇದನ್ನೋದಿ ಯಾರೂ ಒಂದು ಗಜ ಹೆಚ್ಚು ವೇಗವಾಗಿ ಓಡಿರಲಾರರು.

ನಮ್ಮ ನಾಡಿನಲ್ಲಿ ಇಂಥ ಬರಹ ಇರಲಿಲ್ಲವೆಂದಲ್ಲ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವುಂಟು. ಭಾರ ಹೊರುವ ಶ್ರಮ, ಬೆಳಗಿನ ಸಂಚಾರದ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬವನ್ನೇರುವ ಶ್ರಮ ಎಂದು ಜಟ್ಟಿಯ ಸಾಧನೆಯನ್ನು ಅಲ್ಲಿ ವಿಂಗಡಿಸಲಾಗಿದೆ. ಅರಸನಿಗೆ ಬೇಕಾಗಿದ್ದುದು ಮಲ್ಲ. ಆದಕಾರಣ ಬೆಳಗಿನ ಸಂಚಾರಕ್ಕೂ ಅಲ್ಲಿ ಮಲ್ಲನ ಪರಿಚಾರಿಕೆಯೇ ಪಾಲಿಗೆ ಬಂತು.

ಓಟವೂ ನಡಿಗೆಯೂ ಸ್ವತಂತ್ರವಾದ ಗ್ರಂಥವಿಷಯವಾಗಬೇಕಾದರೆ ಇಂಗ್ಲಿಷರ ಪಣದ ಚಾಪಲ್ಯವೇ ಬೇಕಾಯಿತು. 1809ರ ಜೂನ್ 1ರಿಂದ ಜುಲೈ 12ರವರೆಗೆ ನ್ಯೂಮಾರ್ಕೆಟ್ಟಿನ ಬಯಲಿನಲ್ಲಿ ಕ್ಯಾಪ್ಟನ್ ಬಾರ್ಕ್ಲೆ ಎಂಬವನು ಸಾವಿರ ಗಿನಿಗಳ ಪಣಕ್ಕೆ, ಸಾವಿರ ಗಂಟೆಗಳಲ್ಲಿ ಸಾವಿರ ಮೈಲಿ ನಡೆದನು. ದಿನಕ್ಕೆ ಇಪ್ಪತ್ತನಾಲ್ಕು ಮೈಲಿ ಏನು ಮಹಾ ಎನ್ನಬೇಡಿ. ಒಂದೊಂದು ಗಂಟೆಗೂ ಒಂದೊಂದು ಮೈಲಿ ನಡೆಯಲೇಬೇಕೆಂಬುದು ನಿಯಮ. ಹೀಗಾಗಿ ಆರು ವಾರಗಳ ಕಾಲ ಆತನಿಗೆ ಒಂದೂವರೆ ಗಂಟೆಗಿಂತ ಹೆಚ್ಚಿನ ನಿದ್ರೆ ಒಮ್ಮೆಗೆ ದೊರೆಯುವಂತಿರಲಿಲ್ಲ. ಮುಗಿಯುವ ವೇಳೆಗೆ ಮೈತೂಕದಲ್ಲಿ ಸುಮಾರು 32 ಪೌಂಡು ಇಳಿದುಹೋಗಿತ್ತು. 1813ರಲ್ಲಿ ವಾಲ್ಟರ್ ಥಾಮ್ ಎಂಬ ಲೇಖಕನು ಆಬರ್ಡೀನಿನಲ್ಲಿ ಪ್ರಕಟಿಸಿದ ‘ಪೆಡೆಸ್ಟ್ರಿಯನಿಸಂ’ ಎಂಬ ಪುಸ್ತಕದಲ್ಲಿ ಬಾರ್ಕ್ಲೆಯ ಅಭ್ಯಾಸಕ್ರಮ ವಿವರವಾಗಿ ಬಂದಿದೆ. ಮೊದಲು ವಿರೇಚನ. ಬೆಳಗ್ಗೆ ಐದಕ್ಕೆ ಎದ್ದು, ಏರುದಾರಿಯಲ್ಲಿ ಅರ್ಧ ಮೈಲಿ ಪೂರ್ಣವೇಗದ ಓಟ, ಆಮೇಲೆ ಆರು ಮೈಲಿ ನಡಿಗೆ. ಏಳಕ್ಕೆ ಅರೆಬೆಂದ ಗೋಮಾಂಸ ಅಥವಾ ಕುರಿಯ ಮಾಂಸ, ಹಳಸಿದ ರೊಟ್ಟಿ, ಹಳೆಯ ಬಿಯರು. ಆಗಾಗ ಫ್ಲಾನೆಲ್ ಬಟ್ಟೆ ತೊಟ್ಟು ನಾಲ್ಕು ಮೈಲಿ ಓಡಿ, ಬೆವರಿಸುವ ಬಿಸಿ ಕಷಾಯವನ್ನು ಕುಡಿದು, ಕಂಬಳಿಗಳ ಕೆಳಗೆ ಮಲಗಿ ಬೆವರಬೇಕು. ತರಕಾರಿ ಕೂಡದು, ನೀರು ಕೂಡದು.

ಇಂದಿನ ವೈದ್ಯನು ಇದನ್ನು ಓದಿದರೆ ತಲೆ ಚಚ್ಚಿಕೊಂಡಾನು. ಆದರೆ ಬಾರ್ಕ್ಲೆ ಗೆದ್ದನು. ಗೆದ್ದವನ ಪಥ್ಯವೇ ಪ್ರಮಾಣವಾಯಿತು. ಆತನು ಗೆದ್ದದ್ದು ಆ ಪಥ್ಯದಿಂದಲೋ ಅಥವಾ ಅದನ್ನೂ ತಾಳಿಕೊಳ್ಳಬಲ್ಲ ಕಬ್ಬಿಣದ ದೇಹದಿಂದಲೋ ಎಂದು ವಿಚಾರಿಸಿದವರು ವಿರಳ. ನೀರು ಕುಡಿಯಬಾರದೆಂಬ ಈ ನಿಷೇಧವು ಓಟಗಾರರ ಗಂಟಲನ್ನು ಒಂದು ಶತಮಾನಕ್ಕೂ ಮೀರಿ ಒಣಗಿಸಿತು.

ಇಪ್ಪತ್ತನೆಯ ಶತಮಾನ ಹುಟ್ಟಿದ ಮೇಲೆ ಓಟಗಾರರೇ ಲೇಖನಿ ಹಿಡಿದರು. 1904ರಲ್ಲಿ ಗ್ಲಾಸ್ಗೋವಿನಲ್ಲಿ ಒಂದು ಗಂಟೆಯಲ್ಲಿ 11 ಮೈಲಿ 1137 ಗಜ ಓಡಿದ ಆಲ್ಫ್ರೆಡ್ ಶ್ರಬ್ ತನ್ನ ಅನುಭವವನ್ನು ಪುಸ್ತಕವಾಗಿಸಿದನು. ಅಮೆರಿಕದ ಗುರು ಮೈಕೇಲ್ ಮರ್ಫಿಯ ‘ಅತ್ಲೆಟಿಕ್ ಟ್ರೈನಿಂಗ್’, ಆತನು ತೀರಿಕೊಂಡ ಮರುವರ್ಷ, 1914ರಲ್ಲಿ ಹೊರಬಂತು. ಈ ಗ್ರಂಥಗಳಲ್ಲಿ ಒಂದು ಭಯ ಪದೇ ಪದೇ ಕಾಣುವುದು: ಹೆಚ್ಚು ಓಡಿದರೆ ದೇಹ ಹಳಸುವುದು. ಆದ್ದರಿಂದ ಹೆಚ್ಚು ನಡೆ, ಕಡಿಮೆ ಓಡು. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟ್ವರ್ಪಿನ ಒಲಿಂಪಿಕ್ ಪಂದ್ಯದ ಮ್ಯಾರಥಾನಿನಲ್ಲಿ ಇಪ್ಪತ್ತಾರೂವರೆ ಮೈಲಿಯಷ್ಟು ಓಡಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದುದು ಈ ಗ್ರಂಥಗಳ ಕಾಲದಲ್ಲಿಯೇ. ದೋರಾಬ್ಜಿ ತಾತಾ ಅವರ ಪ್ರೋತ್ಸಾಹದಿಂದ ಹೋದ ಆ ಸಣ್ಣ ತಂಡದವರ ಮೈಯಲ್ಲಿದ್ದ ವಿದ್ಯೆಯನ್ನು ಯಾರಾದರೂ ಕೂಡಿಸಿ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಅಂದೇ ಅಚ್ಚು ಹಾಕಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಹಳಸುವ ಭಯವನ್ನು ಮುರಿದವನು ದಕ್ಷಿಣ ಆಫ್ರಿಕದ ನೇಟಾಲಿನಲ್ಲಿ ಬೇಸಾಯ ಮಾಡುತ್ತಿದ್ದ ಇಂಗ್ಲಿಷನಾದ ಆರ್ಥರ್ ನ್ಯೂಟನ್. ಆತನು ಓಟಕ್ಕೆ ಇಳಿದ ಕಾರಣ ಶ್ಲಾಘ್ಯವೇನಲ್ಲ. ತನ್ನ ಜಮೀನಿನ ಸುತ್ತ ಕರಿಯ ಜನರಿಗೆ ಸರಕಾರವು ಭೂಮಿ ಕೊಟ್ಟಿತೆಂಬುದು ಆತನ ದೂರು. ಹೆಸರು ಗಳಿಸಿದರೆ ದೂರನ್ನು ಕೇಳಿಯಾರು ಎಂಬುದು ಆತನ ಎಣಿಕೆ. 1922ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಸುಮಾರು 54 ಮೈಲಿಯ ಕಾಮ್ರೇಡ್ಸ್ ಪಂದ್ಯವನ್ನು ಗೆದ್ದನು. ಒಟ್ಟು ಐದು ಸಲ ಗೆದ್ದನು. 1935ರಲ್ಲಿ ಪ್ರಕಟವಾದ ಆತನ ‘ರನ್ನಿಂಗ್’ ಎಂಬ ಗ್ರಂಥದ ಮತ ಸರಳವಾದುದು: ದಿನವೂ ಓಡು, ವರ್ಷವಿಡೀ ಓಡು, ನಿಧಾನವಾಗಿ ಓಡು, ಅಭ್ಯಾಸದಲ್ಲಿ ಪಂದ್ಯ ಹೂಡಬೇಡ. ದೂರು ನಿಷ್ಫಲವಾಯಿತು, ಮತ ಉಳಿಯಿತು. ಮನುಷ್ಯನ ಉದ್ದೇಶಕ್ಕೂ ಆತನಿಂದ ಲೋಕಕ್ಕಾಗುವ ಪ್ರಯೋಜನಕ್ಕೂ ಎಷ್ಟೊಂದು ಅಂತರ!

ಈ ಗ್ರಂಥಗಳೆಲ್ಲ ಪುರುಷನಿಗಾಗಿ ಬರೆದವು ಎಂಬುದನ್ನು ಹೇಳದೆ ಬಿಡಲಾಗದು. 1928ರಲ್ಲಿ ಆಮ್ಸ್ಟರ್ಡಾಮಿನಲ್ಲಿ ಹೆಂಗಸರು ಎಂಟುನೂರು ಮೀಟರು ಓಡಿ ದಣಿದು ಕುಳಿತುದನ್ನೇ ಪತ್ರಿಕೆಗಳು ದೊಡ್ಡದು ಮಾಡಿ ಬರೆದುವು. 1960ರವರೆಗೆ ಒಲಿಂಪಿಕ್ ಪಂದ್ಯಗಳಲ್ಲಿ ಆ ಓಟ ಅವರಿಗೆ ಮತ್ತೆ ದೊರೆಯಲಿಲ್ಲ. ಗಂಡಸು ಓಡಿ ಬಿದ್ದರೆ ವೀರ, ಹೆಂಗಸು ಬಿದ್ದರೆ ಶರೀರಶಾಸ್ತ್ರದ ಪ್ರಮಾಣ.

ನ್ಯೂಜಿಲೆಂಡಿನ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಆರ್ಥರ್ ಲಿಡಿಯಾರ್ಡ್ ಗ್ರಂಥವನ್ನು ಬರೆಯುವುದಕ್ಕೆ ಮೊದಲು ವರ್ಷಗಟ್ಟಲೆ ತನ್ನ ಮೈಮೇಲೆಯೇ ಪರೀಕ್ಷೆ ಮಾಡಿದನು. ಎಷ್ಟು ಮೈಲಿ ಸಾಲದು, ಎಷ್ಟು ಅತಿ ಎಂದು ಓಡಿ ಓಡಿ ನೋಡಿ, ವಾರಕ್ಕೆ ನೂರು ಮೈಲಿ ಎಂಬ ಲೆಕ್ಕಕ್ಕೆ ಬಂದನು. 1960ರಲ್ಲಿ ರೋಮಿನಲ್ಲಿ ಒಂದೇ ಅಪರಾಹ್ಣ ಆತನ ಇಬ್ಬರು ಶಿಷ್ಯರು, ಸ್ನೆಲ್ ಮತ್ತು ಹಾಲ್ಬರ್ಗ್, ಚಿನ್ನದ ಪದಕ ಗೆದ್ದರು. ‘ರನ್ ಟು ದಿ ಟಾಪ್’ 1962ರಲ್ಲಿ ಬಂತು. ಗುರುವೇ ಮೊದಲ ಶಿಷ್ಯನಾದ ಈ ಕ್ರಮ ನನಗೆ ಬಹಳ ಹಿಡಿಸುತ್ತದೆ. ಜೆರೀನಸನ ಗುರುವಿಗೆ ಇದು ಹೊಳೆಯಲಿಲ್ಲ. ಅದೇ ವರ್ಷ ಲಿಡಿಯಾರ್ಡನಲ್ಲಿಗೆ ಹೋಗಿ ಬಂದ ಅಮೆರಿಕದ ಬೋವರ್ಮನ್, ಹೃದ್ರೋಗತಜ್ಞರೊಬ್ಬರೊಡನೆ ಕೂಡಿ, ಪಂದ್ಯದ ಗೋಜಿಲ್ಲದ ಸಾಮಾನ್ಯ ಜನರಿಗಾಗಿ 1967ರಲ್ಲಿ ‘ಜಾಗಿಂಗ್’ ಎಂಬ ಪುಸ್ತಕವನ್ನು ಹೊರಡಿಸಿದನು.

ಅಲ್ಲಿಂದ ಮುಂದೆ ಓಟದ ಗ್ರಂಥ ಸಂತೆಯ ಸರಕಾಯಿತು. 1977ರಲ್ಲಿ ಜೇಮ್ಸ್ ಫಿಕ್ಸ್ ಬರೆದ ‘ದಿ ಕಂಪ್ಲೀಟ್ ಬುಕ್ ಆಫ್ ರನ್ನಿಂಗ್’ ಲಕ್ಷಗಟ್ಟಲೆ ಮಾರಾಟವಾಯಿತು. ಅದರ ಹೊದಿಕೆಯ ಮೇಲೆ ಅಚ್ಚಾದ ಓಡುವ ಕಾಲುಗಳು ಗ್ರಂಥಕರ್ತನವೇ. ಹಿಂದೆ ಸ್ಥೂಲಕಾಯನೂ ಧೂಮಪಾನಿಯೂ ಆಗಿದ್ದ ಆತನು ಓಟದಿಂದ ಹೊಸ ಮನುಷ್ಯನಾದೆನೆಂದು ಬರೆದುದು ಸುಳ್ಳಲ್ಲ. 1984ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಆತನು ವರ್ಮಾಂಟಿನ ರಸ್ತೆಯೊಂದರಲ್ಲಿ ಓಡುತ್ತಿರುವಾಗಲೇ ಹೃದಯ ನಿಂತು ತೀರಿಕೊಂಡನು. ಓಟದ ವೈರಿಗಳು ಇದನ್ನೇ ಹಿಡಿದು ನಕ್ಕರು. ಆದರೆ ಆತನ ತಂದೆ ನಲವತ್ತಮೂರನೆಯ ವಯಸ್ಸಿನಲ್ಲಿಯೇ ಹೃದಯದ ಬೇನೆಯಿಂದ ಸತ್ತಿದ್ದನು. ಮಗನ ರಕ್ತನಾಳಗಳೂ ಬಹುವಾಗಿ ಕಟ್ಟಿಕೊಂಡಿದ್ದುವೆಂಬುದು ಶವಪರೀಕ್ಷೆಯಲ್ಲಿ ತಿಳಿಯಿತು. ಓಟ ಆತನನ್ನು ಕೊಂದಿತೋ, ತಂದೆಗಿಂತ ಒಂಬತ್ತು ವರ್ಷ ಹೆಚ್ಚಿಗೆ ಬದುಕಿಸಿತೋ ಎಂಬುದನ್ನು ಕುರಿತು ವೈದ್ಯರು ವಾದಿಸಿದರು. ‘ಏರೋಬಿಕ್ಸ್’ ಎಂಬ ಗ್ರಂಥದಿಂದ 1968ರಲ್ಲಿಯೇ ಪ್ರಸಿದ್ಧನಾಗಿದ್ದ ವೈದ್ಯ ಕೆನೆತ್ ಕೂಪರನು ಫಿಕ್ಸನ ಮರಣವನ್ನು ವಿಚಾರಿಸಿ, ಓಟಕ್ಕೆ ಇಳಿಯುವ ಮೊದಲು ಎದೆಯನ್ನು ಹೇಗೆ ಪರೀಕ್ಷಿಸಿಕೊಳ್ಳಬೇಕೆಂಬುದನ್ನು ಕುರಿತು 1985ರಲ್ಲಿ ಇನ್ನೊಂದು ಪುಸ್ತಕವನ್ನು ಬರೆದನು.