ಆಂಗ್ಲವಿದ್ಯೆಯೂ ಮಧುಸೂದನ ದತ್ತನೂ

ಆಂಗ್ಲಭಾಷೆಯನ್ನು ಕಲಿತವನು ಭಾಷೆಯೊಂದನ್ನು ಮಾತ್ರ ಪಡೆಯುವನೋ, ಅಥವಾ ತಾನು ಯಾರೆಂಬ ಭಾವನೆಯನ್ನೇ ಮಾರ್ಪಡಿಸಿಕೊಳ್ಳುವನೋ ಎಂಬುದನ್ನು ವಿಚಾರಮಾಡುವವರಿಗೆ ವಂಗಕವಿ ಮೈಕೇಲ್ ಮಧುಸೂದನ ದತ್ತನ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಅವನು ಓದಿದ ಕಲ್ಕತ್ತೆಯ ಹಿಂದೂ ಕಾಲೇಜನ್ನು 1817ರಲ್ಲಿ ಸ್ಥಾಪಿಸಲು ಮುಂದಾದವರಲ್ಲಿ ಆ ನಗರದ ಹಿಂದೂ ಗೃಹಸ್ಥರೇ ಪ್ರಮುಖರು. ರಕ್ತದಿಂದ ಭಾರತೀಯರೂ ಅಭಿರುಚಿಯಿಂದ ಆಂಗ್ಲೇಯರೂ ಆದ ಒಂದು ವರ್ಗವು ಸಿದ್ಧವಾಗಬೇಕೆಂದು ಮೆಕಾಲೆಯು ಬರೆದದ್ದು 1835ರಲ್ಲಿ. ಅಷ್ಟರೊಳಗಾಗಿಯೇ ಆ ಕಾಲೇಜಿನಲ್ಲಿ ಡಿರೋಜಿಯೋ ಎಂಬ ತರುಣ ಅಧ್ಯಾಪಕನ ಶಿಷ್ಯರು ಪಿತೃಪಿತಾಮಹರ ಆಚಾರಗಳನ್ನು ತರ್ಕದ ಒರೆಗಲ್ಲಿಗೆ ಹಚ್ಚತೊಡಗಿದ್ದರು. ಆದುದರಿಂದ ಈ ಪರಿವರ್ತನೆಯೆಲ್ಲವೂ ಮೆಕಾಲೆಯ ಒಂದು ಲೇಖನದ ಫಲವೆನ್ನುವ ವಾಡಿಕೆಯ ಮಾತು ನಿಲ್ಲಲಾರದು.

1824ರಲ್ಲಿ ಜೆಸ್ಸೋರ್ ಪ್ರಾಂತದ ಸಾಗರದಾಂಡಿಯಲ್ಲಿ ಜನಿಸಿದ ಮಧುಸೂದನನು ವಿದ್ಯಾರ್ಥಿಯಾಗಿದ್ದಾಗಲೇ, ಕಣ್ಣಿನಿಂದ ಕಾಣದ ಇಂಗ್ಲೆಂಡಿಗಾಗಿ ಹಂಬಲಿಸಿ ಇಂಗ್ಲಿಷಿನಲ್ಲಿ ಪದ್ಯಗಳನ್ನು ರಚಿಸಿದನು. 1843ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ ಅವನಿಗೆ ಹಿಂದೂ ಕಾಲೇಜಿನಲ್ಲಿ ಸ್ಥಳವಿಲ್ಲವಾಯಿತು. ಬಳಿಕ ಸೇರಿದ ಬಿಷಪ್ಸ್ ಕಾಲೇಜಿನಲ್ಲಿ ಅವನು ಗ್ರೀಕ್, ಲ್ಯಾಟಿನ್‌ಗಳೊಡನೆ ಸಂಸ್ಕೃತವನ್ನೂ ಅಭ್ಯಾಸಮಾಡಿದನು. ಸ್ವಧರ್ಮವನ್ನು ತೊರೆದವನಿಗೆ ಪಾದ್ರಿಗಳ ಶಾಲೆಯಲ್ಲಿ ಗೀರ್ವಾಣವಾಣಿಯು ಒಲಿದದ್ದು ವಿಧಿಯ ವಿನೋದವೇ ಸರಿ! 1849ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಅವನ ಆಂಗ್ಲಕಾವ್ಯಕ್ಕೂ ವಸ್ತುವು ಪೃಥ್ವೀರಾಜನ ಕಥೆಯೇ. ಅದನ್ನು ನೋಡಿದ ಬೆಥೂನ್ ಎಂಬ ಆಂಗ್ಲೇಯ ಅಧಿಕಾರಿಯು, ಈ ಪ್ರತಿಭೆಯನ್ನು ಮಾತೃಭಾಷೆಯಲ್ಲಿ ವಿನಿಯೋಗಿಸುವುದು ಲೇಸೆಂದು ಸೂಚಿಸಿದನು.

1856ರಲ್ಲಿ ಕಲ್ಕತ್ತೆಗೆ ಮರಳಿದ ಕವಿಯು ಮುಂದೆ ಬಂಗಾಳಿಯನ್ನೇ ಹಿಡಿದನು. ಇದನ್ನು ದಾರಿತಪ್ಪಿದ ಮಗನು ಮನೆಗೆ ಬಂದ ಕಥೆಯೆಂದು ವರ್ಣಿಸುವುದುಂಟು, ಅದು ಅರ್ಧಸತ್ಯ. ಹೋದವನೂ ಬಂದವನೂ ಒಬ್ಬನೇ ಆಗಿರಲಿಲ್ಲ. ಅವನ ಛಂದಸ್ಸನ್ನೇ ಪರೀಕ್ಷಿಸಬಹುದು. ವಂಗದ ಪಯಾರವೆಂಬ ಪದ್ಯಜಾತಿಯಲ್ಲಿ ಪಂಕ್ತಿಗೆ 14 ಅಕ್ಷರಗಳು, ಎಂಟನೆಯ ಅಕ್ಷರದ ಬಳಿಕ ಯತಿ, ಎರಡೆರಡು ಪಂಕ್ತಿಗಳಿಗೆ ಅಂತ್ಯಪ್ರಾಸ. ಮಧುಸೂದನನು 14 ಅಕ್ಷರಗಳನ್ನು ಉಳಿಸಿಕೊಂಡು ಪ್ರಾಸವನ್ನು ಬಿಟ್ಟನು. ಯತಿಯನ್ನು ಅರ್ಥಕ್ಕೆ ಅಧೀನಗೊಳಿಸಿ, ವಾಕ್ಯವನ್ನು ಪಂಕ್ತಿಯಿಂದ ಪಂಕ್ತಿಗೆ ಹರಿಯಿಸಿದನು. ಈ ‘ಅಮಿತ್ರಾಕ್ಷರ’ಕ್ಕೆ ಮಿಲ್ಟನ್ ಗುರು, ದೇಹವು ಪಯಾರದ್ದು, ನಡಿಗೆಯು ಪರದೇಶದ್ದು. ಶಬ್ದಸಂಪತ್ತಾದರೋ ಸಂಸ್ಕೃತದ್ದು.

1861ರ ‘ಮೇಘನಾದವಧ’ದಲ್ಲಿ ಕವಿಯ ಅನುಕಂಪವು ಲಂಕೆಯ ಪಕ್ಷಕ್ಕೆ ವಾಲಿದೆ. ಇದಕ್ಕೆ ಪಾಶ್ಚಾತ್ಯ ಮಹಾಕಾವ್ಯಗಳು ಪ್ರೇರಣೆಯೆಂಬುದು ನಿಜವಾದರೂ, ರಾವಣನಲ್ಲಿ ಮರುಕವು ಹುಟ್ಟಲು ಆಂಗ್ಲವಿದ್ಯೆಯೇ ಬೇಕೆಂದು ಹೇಳುವಂತಿಲ್ಲ. ಅಭಿನವಪಂಪ ನಾಗಚಂದ್ರನ ರಾಮಾಯಣವನ್ನು ಓದಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಬಹುಕಾಲದಿಂದ ಬಯಸಿದ ಇಂಗ್ಲೆಂಡಿಗೆ 1862ರಲ್ಲಿ ಹೊರಟ ಕವಿಯು ಅನಂತರ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಕಡುಬಡತನವನ್ನು ಅನುಭವಿಸಿದನು; ಈಶ್ವರಚಂದ್ರ ವಿದ್ಯಾಸಾಗರನು ಕಳುಹಿಸಿದ ಹಣವು ಅವನನ್ನು ಕಾಪಾಡಿತು. ಅಲ್ಲಿ ಇಟಲಿಯ ಮಾದರಿಯ ಚತುರ್ದಶಪದಿಗಳನ್ನು ಬಂಗಾಳಿಯಲ್ಲಿ ರಚಿಸಿದನು. 1866ರಲ್ಲಿ ಅಚ್ಚಾದ ಆ ಸಂಗ್ರಹದಲ್ಲಿ ಡಾಂಟೆಯನ್ನು ಕುರಿತ ಪದ್ಯವೂ ಹುಟ್ಟೂರಿನ ಕಪೋತಾಕ್ಷ ನದಿಯನ್ನು ನೆನೆದ ಪದ್ಯವೂ ಒಟ್ಟಿಗೇ ಇವೆ.